ಮರ ಸೀಳುವ ಯಂತ್ರವು ನಿಧಾನವಾಗುವುದೇಕೆ?

ದೆಹಲಿಯ ಚಳಿಯು ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಜನವರಿಯ ಕೆಲವು ಮುಂಜಾವುಗಳಲ್ಲಿ ಉಷ್ಣತೆಯು 4 ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಅಂತಹ ಹೊತ್ತಿನಲ್ಲಿ ನೆಲವನ್ನಗೆಯುವ ಜೆಸಿಬಿ ಯಂತ್ರದ ತೋಳು ಮೊದಮೊದಲು ತೂಕಡಿಸುತ್ತ ಮೇಲೇಳುವುದನ್ನು ನೀವು ಕಂಡಿರಬಹುದು. ದಿಮ್ಮಿಗಳನ್ನು ಸೌದೆಯಾಗಿ ಸೀಳುವ ಯಂತ್ರವೂ ಇದೇ ಕುಲದ್ದು. ಎರಡರಲ್ಲಿಯೂ ಕೆಲಸ ಮಾಡುವುದು ಒತ್ತಡಕ್ಕೊಳಗಾದ ಎಣ್ಣೆ. ಹದಿನೇಳನೆಯ ಶತಮಾನದಲ್ಲಿ ಪಾಸ್ಕಲನು ಕಂಡುಕೊಂಡ ನಿಯಮವನ್ನು ಆಧರಿಸಿ, 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮನು ದ್ರವದ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದನು. ಇವೆಲ್ಲ ಅದರ ಸಂತತಿಯೇ.

ಯಂತ್ರವು ನಿಧಾನವಾದೊಡನೆ ಹಲವರು ಒತ್ತಡದ ಕವಾಟದ ತಿರುಪನ್ನು ಬಿಗಿಮಾಡಲು ಹೊರಡುತ್ತಾರೆ. ಇದು ವ್ಯರ್ಥವಷ್ಟೇ ಅಲ್ಲ, ಅಪಾಯಕರವೂ ಹೌದು. ಬಲವನ್ನು ಕೊಡುವುದು ಒತ್ತಡ. ವೇಗವನ್ನು ಕೊಡುವುದು ಹರಿವು. ಲೆಕ್ಕ ಮಾಡಿ ನೋಡೋಣ. ಸಿಲಿಂಡರಿನ ಒಳವ್ಯಾಸವು 10 ಸೆಂ.ಮೀ. ಇದ್ದರೆ ಪಿಸ್ಟನ್ನಿನ ಮುಖದ ವಿಸ್ತೀರ್ಣವು ಸುಮಾರು 78.5 ಚದರ ಸೆಂ.ಮೀ. ಅದು 60 ಸೆಂ.ಮೀ. ಮುಂದೆ ಸರಿಯಬೇಕಾದರೆ ಸುಮಾರು 4.7 ಲೀಟರು ಎಣ್ಣೆ ಬೇಕು. ಪಂಪು ನಿಮಿಷಕ್ಕೆ 40 ಲೀಟರು ಕೊಟ್ಟರೆ ಈ ದೂರವನ್ನು ಕ್ರಮಿಸಲು 7 ಸೆಕೆಂಡು ಸಾಕು. 10 ಲೀಟರೇ ಕೊಟ್ಟರೆ 28 ಸೆಕೆಂಡು ಹಿಡಿಯುತ್ತದೆ. ಕವಾಟವನ್ನು ಎಷ್ಟು ಬಿಗಿದರೂ ಆ 10 ಲೀಟರು 40 ಆಗದು. ಆದರೆ ರಬ್ಬರಿನ ಕೊಳವೆಯು ಮಾತ್ರ ಸಿಡಿದೀತು.

ಆದುದರಿಂದ ಎಣ್ಣೆಯ ದಾರಿಯನ್ನೇ ಹಿಡಿದು ಹುಡುಕಬೇಕು. ಮೊದಲು ತೊಟ್ಟಿ: ಎಣ್ಣೆಯು ಕಡಿಮೆಯಾಗಿದ್ದರೆ ಪಂಪು ಗಾಳಿಯನ್ನೂ ಹೀರುತ್ತದೆ, ಎಣ್ಣೆಯಲ್ಲಿ ನೊರೆಯೇಳುತ್ತದೆ. ತೊಟ್ಟಿಯಿಂದ ಪಂಪಿಗೆ ಹೋಗುವ ಸೋಸುಬಲೆಯಲ್ಲಿ ಕಸ ಕಟ್ಟಿಕೊಂಡಿದ್ದರೆ ಪಂಪು ಕೀಚಲು ದನಿಯಲ್ಲಿ ನರಳುತ್ತದೆ. ಚಳಿಗೆ ಮಂದವಾದ ಎಣ್ಣೆಯೂ ಹೀಗೆಯೇ ಮಾಡುವುದರಿಂದ, ಸೀಳಲು ತೊಡಗುವ ಮುನ್ನ ಯಂತ್ರವನ್ನು ಸ್ವಲ್ಪ ಹೊತ್ತು ಬರಿದೇ ಓಡಿಸಬೇಕು. ಬಿಸಿಲೇರಿದ ಮೇಲೆ ತಾನಾಗಿ ವಾಸಿಯಾಗುವ ರೋಗಕ್ಕೆ ಯಂತ್ರವನ್ನೇಕೆ ಬಿಚ್ಚಬೇಕು? ಎಂಜಿನು ತಕ್ಕ ವೇಗದಲ್ಲಿ ಸುತ್ತುತ್ತಿದೆಯೇ ಎಂಬುದನ್ನೂ ಗಮನಿಸಬೇಕು. ಇನ್ನು ಕೊಳವೆಗಳು. ಒತ್ತಡದಲ್ಲಿರುವ ಕೊಳವೆಯ ಸೋರಿಕೆಯನ್ನು ಕೈಯಿಂದ ತಡವಿ ಹುಡುಕಲೇಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ತೂರಿ ಒಳಹೊಗುತ್ತದೆ; ಗಾಯವು ಚಿಕ್ಕದಾಗಿ ಕಂಡರೂ ಕೂಡಲೇ ಶಸ್ತ್ರವೈದ್ಯರಲ್ಲಿಗೆ ಹೋಗಬೇಕು. ಹುಡುಕಲು ರಟ್ಟಿನ ತುಂಡು ಸಾಕು.

ಒಂದು ಸೂಕ್ಷ್ಮವಿದೆ. ಇಂತಹ ಅನೇಕ ಯಂತ್ರಗಳಲ್ಲಿ ಎರಡು ಹಂತದ ಪಂಪು ಇರುತ್ತದೆ. ಬರಿದೇ ಚಲಿಸುವಾಗ ಎರಡು ಹಂತಗಳೂ ಎಣ್ಣೆ ಕೊಡುತ್ತವೆ. ದಿಮ್ಮಿಯು ತಡೆದು ಒತ್ತಡವೇರಿದಾಗ ಚಿಕ್ಕ ಹಂತವೊಂದೇ ದುಡಿಯುತ್ತದೆ. ಆಗ ವೇಗವು ತಗ್ಗುವುದು ದೋಷವಲ್ಲ, ಗುಣ. ದಿಮ್ಮಿಯಿಲ್ಲದಿರುವಾಗಲೂ, ಎಣ್ಣೆಯು ಬೆಚ್ಚಗಾದ ಮೇಲೂ ಅದೇ ಮಂದಗತಿಯಿದ್ದರೆ, ದೊಡ್ಡ ಹಂತವನ್ನು ಬೇರ್ಪಡಿಸುವ ಕವಾಟವು ಸಿಕ್ಕಿಕೊಂಡಿರಬಹುದು. ಇದಕ್ಕೆ ವ್ಯತಿರಿಕ್ತವಾಗಿ ಬರಿದೇ ಚುರುಕಾಗಿ ಓಡಿ, ಸಾಧಾರಣ ದಿಮ್ಮಿಯ ಮುಂದೆಯೂ ನಿಂತುಬಿಟ್ಟರೆ, ಒತ್ತಡವೇ ಎಲ್ಲಿಯೋ ಸೋರಿಹೋಗುತ್ತಿದೆ. ಪಿಸ್ಟನ್ನಿನ ಸುತ್ತಲಿನ ರಬ್ಬರು ಬಳೆಯು ಸವೆದು ಎಣ್ಣೆಯು ಒಂದು ಬದಿಯಿಂದ ಇನ್ನೊಂದಕ್ಕೆ ನುಸುಳುತ್ತಿರುವುದೂ ಇದಕ್ಕೊಂದು ಕಾರಣ. ಹೊರಗೆ ಒಂದು ಹನಿಯೂ ಕಾಣದ ಈ ಸೋರಿಕೆಯನ್ನು ಸರಿಪಡಿಸಲು, ಎಂಜಿನನ್ನು ನಿಲ್ಲಿಸಿ, ಒತ್ತಡವನ್ನು ಪೂರ್ಣವಾಗಿ ಇಳಿಸಿದ ಬಳಿಕ, ಬಲ್ಲ ಮೇಸ್ತ್ರಿಯೇ ಸಿಲಿಂಡರನ್ನು ಬಿಚ್ಚಿ ಬಳೆಯನ್ನು ಬದಲಿಸಬೇಕಾಗುತ್ತದೆ.