ಹಳೆಯ ಪ್ರೊಜೆಕ್ಟರಿನ ಬೆಳಕನ್ನು ಅಳೆಯುವ ಬಗೆ

ಸಿನಿಮಾ ಒಂದು ಕಲೆಯೂ ಹೌದು, ವ್ಯಾಪಾರವೂ ಹೌದು. ಆದರೆ ಅದು ಪರದೆಯ ಮೇಲೆ ಬೀಳುವುದು ಬೆಳಕಿನ ರೂಪದಲ್ಲಿ. ಬೆಳಕಾದ ಮೇಲೆ ಭೌತಶಾಸ್ತ್ರದ ನಿಯಮಗಳಿಗೆ ಅದು ಒಳಪಟ್ಟಿರಲೇಬೇಕು. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂಥ ಊರುಗಳಲ್ಲಿ ಚಿಕ್ಕ ಟಾಕೀಸನ್ನು ನಡೆಸಬಯಸುವವರು ಈ ಮಾತನ್ನು ಚೆನ್ನಾಗಿ ನೆನಪಿನಲ್ಲಿಡತಕ್ಕದ್ದು. ರೀಲಿನ ಕಾಲ ಮುಗಿದುಹೋಗಿದೆ. ಹೊಸ ಡಿಜಿಟಲ್ ಪ್ರೊಜೆಕ್ಟರಿಗೆ ಹಲವು ಲಕ್ಷ ರೂಪಾಯಿಗಳಾಗುತ್ತವೆ. ಇತ್ತ ದೊಡ್ಡ ನಗರಗಳ ಚಿತ್ರಮಂದಿರಗಳು ಕ್ಸೆನಾನ್ ದೀಪದ ಯಂತ್ರಗಳನ್ನು ತೆಗೆದು ಲೇಸರ್ ಯಂತ್ರಗಳನ್ನು ಕೂಡಿಸುತ್ತಿರುವುದರಿಂದ, ಹಳೆಯ ಯಂತ್ರಗಳು ಮಾರಾಟಕ್ಕೆ ಬರುತ್ತಿವೆ. ಸರಿಯಾದುದನ್ನು ಆರಿಸಿದರೆ ಊರಿನ ಜನ ಊರಿನಲ್ಲಿಯೇ ಚಿತ್ರ ನೋಡುವರು. ತಪ್ಪಿದರೆ ಟಾಕೀಸಿನವರ ಬಂಡವಾಳ ಮುಳುಗುವುದು, ಜನ ಮತ್ತೆ ದಾವಣಗೆರೆಯ ಬಸ್ಸು ಹತ್ತುವರು. ಆದುದರಿಂದ ಇಂಥ ಯಂತ್ರವನ್ನು ಪರೀಕ್ಷಿಸುವುದು ಹೇಗೆಂಬುದನ್ನು ವಿಚಾರಮಾಡೋಣ.

ಮೊದಲು ಯಂತ್ರದ ರಚನೆಯನ್ನು ತಿಳಿಯೋಣ. 1987ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ ಎಂಬ ವಿಜ್ಞಾನಿ, ಅತಿ ಸಣ್ಣ ಕನ್ನಡಿಗಳನ್ನು ಸಾಲುಸಾಲಾಗಿ ಜೋಡಿಸಿದ ಡಿಎಂಡಿ ಎಂಬ ಚಿಪ್ಪನ್ನು ಕಂಡುಹಿಡಿದನು. 2ಕೆ ಎಂದು ಕರೆಯುವ ಸಿನಿಮಾ ಯಂತ್ರದ ಚಿಪ್ಪಿನಲ್ಲಿ ಅಡ್ಡಲಾಗಿ 2,048, ಲಂಬವಾಗಿ 1,080, ಒಟ್ಟು 22 ಲಕ್ಷಕ್ಕೂ ಮಿಕ್ಕಿದ ಕನ್ನಡಿಗಳಿರುತ್ತವೆ. ಪ್ರತಿಯೊಂದು ಕನ್ನಡಿಯೂ ಒಂದು ಕಡೆಗೆ ವಾಲಿದಾಗ ಬೆಳಕನ್ನು ಮಸೂರದೊಳಕ್ಕೆ ಕಳುಹಿಸುತ್ತದೆ, ಮತ್ತೊಂದು ಕಡೆಗೆ ವಾಲಿದಾಗ ಪಕ್ಕಕ್ಕೆ ಎಸೆಯುತ್ತದೆ. ದೀಪದ ಬೆಳಕನ್ನು ಅಶ್ರಗವು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಒಡೆಯುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಚಿಪ್ಪು.

ಇನ್ನು ಬೆಳಕು ಎಷ್ಟು ಬೇಕು? ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳು ಕೂಡಿ 2005ರಲ್ಲಿ ಪ್ರಕಟಿಸಿದ ಡಿಜಿಟಲ್ ಸಿನಿಮಾ ನಿಯಮಾವಳಿಯ ಪ್ರಕಾರ, ಬಿಳಿಯ ಪರದೆಯ ಮಧ್ಯದ ಹೊಳಪು ಪ್ರತಿ ಚದರ ಮೀಟರಿಗೆ 48 ಕ್ಯಾಂಡೆಲಾ ಇರತಕ್ಕದ್ದು. ಬೆಳಕನ್ನು ಎಲ್ಲ ದಿಕ್ಕಿಗೂ ಸಮನಾಗಿ ಚೆದುರಿಸುವ ಸಾಧಾರಣ ಬಿಳಿಯ ಪರದೆಯ ಮೇಲೆ ಈ ಹೊಳಪು ಬರಬೇಕಾದರೆ, ಅದರ π ಪಟ್ಟು, ಅಂದರೆ ಸುಮಾರು 151 ಲಕ್ಸ್ ಬೆಳಕು ಬೀಳಬೇಕು. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬೆಳಕು ಹರಡಿದರೆ ಅದೇ ಒಂದು ಲಕ್ಸ್.

ನಮ್ಮ ಟಾಕೀಸಿನ ಪರದೆ 9 ಮೀಟರ್ ಅಗಲವಿದೆಯೆಂದು ಭಾವಿಸೋಣ. ಸ್ಕೋಪ್ ಚಿತ್ರದ ಅಗಲವು ಎತ್ತರದ 2.39 ಪಟ್ಟು ಇರುವುದರಿಂದ ಎತ್ತರ 3.77 ಮೀಟರ್, ವಿಸ್ತೀರ್ಣ ಸುಮಾರು 34 ಚದರ ಮೀಟರ್. ಇದನ್ನು 151ರಿಂದ ಗುಣಿಸಿದರೆ ಸುಮಾರು 5,100 ಲ್ಯೂಮೆನ್ ಎಂದಾಗುತ್ತದೆ. ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಸ್ಕೋಪ್ ಚಿತ್ರವು ಚಿಪ್ಪಿನ 1,080 ಸಾಲುಗಳಲ್ಲಿ 858ನ್ನು ಮಾತ್ರ ಉಪಯೋಗಿಸುತ್ತದೆ. ಉಳಿದ ಸಾಲುಗಳ ಮೇಲೆ ಬಿದ್ದ ಬೆಳಕು ವ್ಯರ್ಥ. ಹೀಗಾಗಿ ಯಂತ್ರದ ಒಟ್ಟು ಬೆಳಕು ಸುಮಾರು 6,400 ಲ್ಯೂಮೆನ್ ಇರಬೇಕಾಗುತ್ತದೆ. ಕ್ಯಾಬಿನ್ನಿನ ಕಿಟಕಿಯ ಸಾಮಾನ್ಯ ಗಾಜು ಒಂದೊಂದು ಮೈಯಲ್ಲಿಯೂ ನೂರಕ್ಕೆ ನಾಲ್ಕರಷ್ಟು ಬೆಳಕನ್ನು ಹಿಂದಿರುಗಿಸುತ್ತದೆ. ಆ ನಷ್ಟವನ್ನೂ ಸೇರಿಸಿದರೆ ಅಗತ್ಯವು ಸುಮಾರು 7,000 ಲ್ಯೂಮೆನ್ನಿಗೆ ಬಂದು ನಿಲ್ಲುತ್ತದೆ.

ಮಾರುವವರು ಹೇಳುವ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಒಂದು ಲಕ್ಸ್ ಮಾಪಕವಿದ್ದರೆ ಸಾಕು. ಕತ್ತಲೆಯ ಕೋಣೆಯಲ್ಲಿ 4 ಮೀಟರ್ ಅಗಲ, 2.1 ಮೀಟರ್ ಎತ್ತರದ ಪೂರ್ಣ ಬಿಳಿ ಚಿತ್ರವನ್ನು ಗೋಡೆಯ ಮೇಲೆ ಬಿಡಿಸಿ, ಅದನ್ನು ಒಂಬತ್ತು ಸಮಭಾಗಗಳಾಗಿ ವಿಂಗಡಿಸಿರಿ. ಪ್ರತಿ ಭಾಗದ ನಡುವೆ ಮಾಪಕವನ್ನಿಟ್ಟು ಓದಿ, ಸರಾಸರಿ ತೆಗೆದು, ವಿಸ್ತೀರ್ಣದಿಂದ ಗುಣಿಸಿರಿ. ಸರಾಸರಿ 1,000 ಲಕ್ಸ್ ಬಂದರೆ ಯಂತ್ರವು ಕೊಡುತ್ತಿರುವುದು 8,400 ಲ್ಯೂಮೆನ್.

ಇದು 7,000ಕ್ಕಿಂತ ಹೆಚ್ಚಾಯಿತಲ್ಲ ಎಂದು ಕೂಡಲೆ ಹಣ ಕೊಡುವುದು ಅವಿವೇಕ. ಕ್ಸೆನಾನ್ ದೀಪವು ಉರಿದಂತೆ ಮಂಕಾಗುತ್ತ ಹೋಗುತ್ತದೆ. ದೀಪ ಎಷ್ಟು ಗಂಟೆ ಉರಿದಿದೆಯೆಂಬುದನ್ನು ಯಂತ್ರವೇ ಲೆಕ್ಕವಿಟ್ಟಿರುತ್ತದೆ. ಮುಪ್ಪಿನ ದೀಪದಿಂದ 8,400 ಲ್ಯೂಮೆನ್ ಬರುತ್ತಿದ್ದರೆ ಅದು ಒಳ್ಳೆಯ ಯಂತ್ರ. ಅಂದೇ ಹಾಕಿದ ಹೊಸ ದೀಪದಿಂದ ಅಷ್ಟೇ ಬರುತ್ತಿದ್ದರೆ, ಮುಂದೆ ಮೂರರಲ್ಲೊಂದು ಪಾಲು ಕುಗ್ಗಿದಾಗ ಉಳಿಯುವುದು 5,600 ಮಾತ್ರ. ಆಗ 9 ಮೀಟರಿನ ಪರದೆ ಕಪ್ಪಿಡುವುದು. ಆದರೂ ಉಪಾಯವುಂಟು: ಬೇಕಾಗುವ ಬೆಳಕು ಅಗಲದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪರದೆಯನ್ನು 8 ಮೀಟರಿಗೆ ಇಳಿಸಿದರೆ 5,530 ಲ್ಯೂಮೆನ್ ಸಾಲುತ್ತದೆ. ಒಂದು ಮೀಟರ್ ಬಟ್ಟೆಯನ್ನು ಬಿಟ್ಟುಕೊಟ್ಟು ಅದೇ ಯಂತ್ರವನ್ನು ಉಳಿಸಿಕೊಳ್ಳಬಹುದು.

ಮಸೂರದ ವಿಷಯದಲ್ಲಿಯೂ ಎಚ್ಚರ ಬೇಕು. ಕ್ಯಾಬಿನ್ನಿನಿಂದ ಪರದೆಗೆ 18 ಮೀಟರ್ ದೂರ, ಪರದೆ 9 ಮೀಟರ್ ಎಂದರೆ ಅನುಪಾತ 2. ಚಿಪ್ಪಿನ ಅಗಲ 28 ಮಿಲಿಮೀಟರ್ ಇದ್ದರೆ ಮಸೂರದ ಸಂಗಮದೂರ ಸುಮಾರು 56 ಮಿಲಿಮೀಟರ್ ಇರಬೇಕು. ಚಿಪ್ಪು 22 ಮಿಲಿಮೀಟರಿನದಾದರೆ 44 ಸಾಕು. ಬೇರೊಂದು ಸಭಾಂಗಣಕ್ಕೆ ಹೊಂದುತ್ತಿದ್ದ ಮಸೂರ ನಮ್ಮದಕ್ಕೆ ಹೊಂದೀತೆಂಬ ಭರವಸೆಯಿಲ್ಲ.

ಬಳಿಕ ಚಿಪ್ಪುಗಳ ಪರೀಕ್ಷೆ. ಪೂರ್ಣ ಕಪ್ಪು ಚಿತ್ರದಲ್ಲಿ ಹೊಳೆಯುವ ಚುಕ್ಕೆಯೂ, ಪೂರ್ಣ ಬಿಳಿಯಲ್ಲಿ ಬಣ್ಣಗೆಟ್ಟ ಚುಕ್ಕೆಯೂ ಅಲುಗಾಡದೆ ನಿಂತ ಕನ್ನಡಿಗಳ ಗುರುತು. ಬಿಳಿಯ ಗೆರೆಗಳ ಅಂಚಿನಲ್ಲಿ ಕೆಂಪೋ ನೀಲಿಯೋ ಇಣುಕಿದರೆ ಮೂರು ಚಿಪ್ಪುಗಳ ಹೊಂದಾಣಿಕೆ ತಪ್ಪಿದೆಯೆಂದರ್ಥ. ಜಗಳೂರಿನಂಥ ಬಯಲುಸೀಮೆಯ ಧೂಳು ಗಾಳಿಯ ಸೋಸುಪದರವನ್ನು ಬೇಗ ಮುಚ್ಚುತ್ತದೆ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಾಗಲಿ ಅಡಕೆ ತೋಟಗಳ ಚನ್ನಗಿರಿಯಲ್ಲಾಗಲಿ ಮಳೆಗಾಲದ ತೇವವನ್ನು ಗಮನಿಸಬೇಕು. ಯಂತ್ರ ಕೊಳ್ಳುವಾಗಲೇ ಬಿಸಿಗಾಳಿ ಹೊರಹೋಗುವ ಕೊಳವೆಗೂ ವಿದ್ಯುತ್ತಿನ ವ್ಯವಸ್ಥೆಗೂ ಹಣ ತೆಗೆದಿರಿಸತಕ್ಕದ್ದು.

ಕೊನೆಯದು ಕಣ್ಣಿಗೆ ಕಾಣದ ಭಾಗ. ಚಿತ್ರವು ಗೂಢಲಿಪಿಯಲ್ಲಿ ಬರುತ್ತದೆ. ಅದನ್ನು ಬಿಡಿಸುವ ಕೀಲಿಯನ್ನು ಆಯಾ ಸರ್ವರಿನ ಪ್ರಮಾಣಪತ್ರಕ್ಕೇ ಹೊಂದಿಸಿ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿ ಗೊತ್ತುಮಾಡಿ ಕಳುಹಿಸುತ್ತಾರೆ. ಬಹುಕಾಲ ಮೂಲೆಯಲ್ಲಿ ಬಿದ್ದ ಯಂತ್ರದ ಒಳಗಿನ ಬ್ಯಾಟರಿ ಸತ್ತರೆ ಈ ಗುಪ್ತ ಮಾಹಿತಿ ಅಳಿಸಿಹೋಗಬಹುದು. ಆಗ ಬೆಳಕು ಬಂದರೂ ಚಿತ್ರ ಬಾರದು. ಕೀಲಿಯುಳ್ಳ ಒಂದು ಚಿತ್ರವನ್ನು ನಡೆಸಿ ನೋಡಿದ ಹೊರತು ಒಪ್ಪಿಕೊಳ್ಳಬಾರದು. ನಮ್ಮ ದೇಶದಲ್ಲಿ ಸೇವಾ ಸಂಸ್ಥೆಗಳು ಅನೇಕ ಚಿತ್ರಮಂದಿರಗಳಿಗೆ ಯಂತ್ರವನ್ನು ಬಾಡಿಗೆಗೆ ಕೊಟ್ಟಿರುವುದರಿಂದ, ಮಾರುವವರೇ ಅದರ ಒಡೆಯರೇ ಎಂಬುದನ್ನೂ ಕಾಗದಪತ್ರಗಳಿಂದ ತಿಳಿಯುವುದು ಕ್ಷೇಮ.

ಇಷ್ಟು ಲೆಕ್ಕಕ್ಕೆ ಬೇಕಾದುದು ಗುಣಾಕಾರ, ಭಾಗಾಕಾರ, ಒಂದು ಚಿಕ್ಕ ಮಾಪಕ. ಪ್ರೌಢಶಾಲೆಯ ವಿದ್ಯಾರ್ಥಿಯೂ ತನ್ನ ಊರಿನ ಟಾಕೀಸಿನವರಿಗೆ ಈ ನೆರವನ್ನು ನೀಡಬಲ್ಲನು. ಅಭ್ಯಾಸಕ್ಕಾಗಿ, 7.5 ಮೀಟರ್ ಅಗಲದ ಪರದೆಗೆ ಎಷ್ಟು ಲ್ಯೂಮೆನ್ ಬೇಕೆಂಬುದನ್ನು ವಾಚಕರು ಮೇಲಿನ ಕ್ರಮದಲ್ಲಿಯೇ ಗುಣಿಸಿ ನೋಡಲಿ.