ಫೈರ್‌ವಾಲ್ ಕಟ್ಟಹೊರಟ ಗೆಳೆಯರಿಗೆ

ಲಿನಕ್ಸ್ ಗಣಕದ ಫೈರ್‌ವಾಲ್ ನಿಯಮಗಳನ್ನು ಸಾಮಾನ್ಯರೂ ನಿರ್ಭಯವಾಗಿ ರೂಪಿಸಿಕೊಳ್ಳಬಲ್ಲಂತಹ ಮುಕ್ತ ತಂತ್ರಾಂಶವೊಂದನ್ನು ಸ್ವಯಂಸೇವಕರ ನೆರವಿನಿಂದ ಕಟ್ಟಬೇಕೆಂಬ ಸಂಕಲ್ಪವು ಸ್ತುತ್ಯವಾದುದೇ. ಆದರೆ ಹತ್ತು ಜನರನ್ನು ಕರೆಯುವುದಕ್ಕೆ ಮುನ್ನ, ಎಷ್ಟೇ ಅಲ್ಪವಾಗಿರಲಿ, ಓಡುವ ಒಂದು ತುಣುಕನ್ನು ನೀವೇ ಬರೆದು ಮುಂದಿಡಿರಿ. ಏಕೆಂದರೆ ಬರಿಯ ಆಶಯದ ಸುತ್ತ ನೆರೆದವರು ಹೆಸರು, ಲಾಂಛನಗಳ ಚರ್ಚೆಯಲ್ಲಿಯೇ ದಣಿದು ಚದುರಿಹೋಗುವರು. 2001ರಲ್ಲಿ ಲಿನಕ್ಸ್ 2.4ರೊಡನೆ ಬಂದ ಐಪಿಟೇಬಲ್ಸ್, 2014ರಲ್ಲಿ 3.13ರೊಡನೆ ಬಂದ ಎನ್‌ಎಫ್‌ಟೇಬಲ್ಸ್, ಈ ಎರಡು ಫೈರ್‌ವಾಲ್ ಚೌಕಟ್ಟುಗಳಲ್ಲಿ ಯಾವುದು ನಿಮ್ಮ ಬುನಾದಿಯೆಂಬುದನ್ನೂ, ಪರವಾನಗಿ ಯಾವುದೆಂಬುದನ್ನೂ ಮೊದಲ ದಿನವೇ ಬರೆದಿಡಿರಿ. ನನ್ನ ಒಲವು ಎನ್‌ಎಫ್‌ಟೇಬಲ್ಸ್‌ನತ್ತ.

ಫೈರ್‌ವಾಲ್ ನಿಯಮಗಳು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಪರಿಶೀಲಿತವಾಗುವಂಥವು. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಹೊಕ್ಕಿರುವ ನಿರ್ವಾಹಕನು, ಎಸ್‌ಎಸ್‌ಎಚ್‌ನ 22ನೆಯ ಪೋರ್ಟನ್ನು ಬಿಡೆಂಬ ಸಾಲಿಗಿಂತ ಮೇಲೆ ಎಲ್ಲವನ್ನೂ ತಡೆಯೆಂಬ ಸಾಲನ್ನು ಇಟ್ಟನೆಂದರೆ, ಎಂಟರ್ ಒತ್ತಿದ ಮರುಕ್ಷಣ ಅವನ ಪರದೆಯೇ ಸ್ತಬ್ಧವಾಗಿ, ತನ್ನ ಮನೆಗೆ ತಾನೇ ಹೊರಗಿನಿಂದ ಬೀಗ ಜಡಿದು ಕೀಲಿಯನ್ನು ಒಳಗೇ ಬಿಟ್ಟವನಂತಾಗುವನು. ಆದುದರಿಂದ ಹೊಸ ನಿಯಮವನ್ನು ಜಾರಿಗೊಳಿಸಿ, ನಿರ್ವಾಹಕನ ಉತ್ತರಕ್ಕಾಗಿ ಕೆಲವು ಕ್ಷಣ ಕಾದು, ಬಾರದಿದ್ದರೆ ಹಳೆಯದನ್ನು ತಾನಾಗಿ ಮರಳಿಸುವ ಏರ್ಪಾಡು ಮೊದಲ ಆವೃತ್ತಿಯಲ್ಲಿಯೇ ಇರತಕ್ಕದ್ದು. ಐಪಿಟೇಬಲ್ಸ್-ಅಪ್ಲೈ ಎಂಬ ಹಳೆಯ ಉಪಕರಣವು ಈ ಮಾರ್ಗವನ್ನು ಆಗಲೇ ತೋರಿದೆ.

ಹೊಸದಾಗಿ ಬಂದವರಿಗೆ ವರ್ಚುವಲ್ ಮಷೀನ್‌ನಲ್ಲಿ ಈ ಮರಳಿಸುವ ಏರ್ಪಾಡನ್ನೇ ಪರೀಕ್ಷಿಸುವ ಕೆಲಸ ಕೊಡಿರಿ. ಕೋಡ್ ಬರೆಯಲಾರದವರು ಕೈಪಿಡಿಯನ್ನು ಬರೆಯಲಿ, ಅದೂ ಸಮಾನವಾದ ಸೇವೆಯೇ. ಯಾರಾದರೂ ತಮ್ಮ ಮೊದಲ ತಿದ್ದುಪಡಿಯನ್ನು ಕಳುಹಿಸಿದರೆ, ಅದು ಸ್ವೀಕಾರಾರ್ಹವಲ್ಲದಿದ್ದರೂ ಸರಿಯೆ, ದಯಮಾಡಿ ಎರಡು ದಿನಗಳೊಳಗೆ ಉತ್ತರಿಸಿರಿ.