ಶಾಕ್ ಹೊಸದು, ಲೈಟ್ ಎತ್ತ ನೋಡುತ್ತಿದೆ?

ಬೈಕಿಗೆ ಹೊಸ ಶಾಕ್ ಹಾಕಿಸಿದ ದಿನ ಹಗಲೆಲ್ಲ ಖುಷಿ. ಹಂಪ್ ಹಾರಿದ್ದೂ ಗೊತ್ತಾಗುವುದಿಲ್ಲ, ಗುಂಡಿಗೆ ಇಳಿದದ್ದೂ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ದೂರು ಶುರು: "ಬಲ್ಬ್ ವೀಕ್ ಆಗಿದೆ ಅನ್ಸುತ್ತೆ, ಮುಂದೆ ಏನೂ ಕಾಣ್ತಿಲ್ಲ." ಬಲ್ಬಿಗೆ ಏನೂ ಆಗಿಲ್ಲ. ಬೈಕಿನ ಹಿಂಭಾಗ ಎದ್ದಿದೆ, ಮೂತಿ ಬಗ್ಗಿದೆ, ಬೆಳಕು ಹತ್ತಿರದಲ್ಲೇ ನೆಲಕ್ಕೆ ಬೀಳುತ್ತಿದೆ. ಹೆಡ್‌ಲೈಟ್ ಹೊಂದಿಸುವುದು ಸಸ್ಪೆನ್ಷನ್ ಕೆಲಸದ ಕೊನೆಯ ಹಂತ. ಅದಾಗುವವರೆಗೆ ಮೆಕ್ಯಾನಿಕ್‌ಗೆ ದುಡ್ಡು ಕೊಡಬೇಡಿ.

1. ಪಾನಾ ಹಿಡಿಯುವ ಮೊದಲೇ ಗೋಡೆಗೆ ಗುರುತು ಹಾಕಿ. ಹಳೇ ಶಾಕ್ ಬಿಚ್ಚುವ ಮುನ್ನ ಬೈಕನ್ನು ಗೋಡೆಗೆ ಎದುರಾಗಿ 5 ಮೀಟರ್ ದೂರದಲ್ಲಿ ನಿಲ್ಲಿಸಿ, ಡಿಮ್ ಬೆಳಕಿನ ಮೇಲಂಚಿಗೆ ಪೇಪರ್ ಟೇಪ್ ಅಂಟಿಸಿ. ಮುಂದಿನ ಚಕ್ರ ನಿಂತ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಕೆಲಸ ಮುಗಿದ ಮೇಲೆ ಅದೇ ಗೆರೆಗೆ ಬೈಕ್ ತಂದು ನಿಲ್ಲಿಸಿದರೆ ಬೆಳಕು ಎಷ್ಟು ಸರಿದಿದೆ ಎಂದು ಕಣ್ಣಿಗೇ ಕಾಣುತ್ತದೆ. ಹಳೇ ಶಾಕ್ ತೀರಾ ಕುಸಿದು ಕೂತಿದ್ದರೆ ಮಾತ್ರ ಆ ಗುರುತನ್ನು ನಂಬಬೇಡಿ. ಆಗ ಲೈಟ್ ಮೊದಲೇ ಆಕಾಶ ನೋಡುತ್ತಿದ್ದಿರಬಹುದು. ಹೊಸದಾಗಿ ಅಳೆಯುವ ಕ್ರಮ 7ನೇ ಸೂತ್ರದಲ್ಲಿದೆ.

2. ಎಷ್ಟು ಎದ್ದಿದೆ ಎಂದು ಅಳೆಯಿರಿ. ಲೆಕ್ಕ ಸುಲಭ: ಹಿಂಭಾಗ ಎದ್ದ ಎತ್ತರವನ್ನು ವೀಲ್‌ಬೇಸ್‌ನಿಂದ ಭಾಗಿಸಿ, ದೂರದಿಂದ ಗುಣಿಸಿ. ಈಗಿನ ಕ್ಲಾಸಿಕ್ 350ರ ವೀಲ್‌ಬೇಸ್ 1390 ಮಿ.ಮೀ. ಹಿಂದೆ 25 ಮಿ.ಮೀ. ಎದ್ದರೆ 10 ಮೀಟರ್ ದೂರದಲ್ಲಿ ಬೆಳಕು 18 ಸೆಂ.ಮೀ. ಕೆಳಗಿಳಿಯುತ್ತದೆ. ಸ್ಪ್ಲೆಂಡರ್‌ನ ವೀಲ್‌ಬೇಸ್ ಇನ್ನೂ ಗಿಡ್ಡ, 1236 ಮಿ.ಮೀ.; ಅಲ್ಲಿ 20 ಸೆಂ.ಮೀ.

ಗೋಡೆಯ ಮೇಲೆ ಇದು ಒಂದು ಗೇಣು, ಅಷ್ಟೇ. ರಸ್ತೆಯಲ್ಲಿ ಹಾಗಲ್ಲ. ನೆಲದಿಂದ 90 ಸೆಂ.ಮೀ. ಎತ್ತರದ ಲೈಟು ಮೀಟರಿಗೆ 1 ಸೆಂ.ಮೀ.ನಂತೆ ಬಗ್ಗಿದ್ದರೆ ಡಿಮ್ ಬೆಳಕು 90 ಮೀಟರ್ ತನಕ ಹೋಗುತ್ತದೆ. ಕ್ಲಾಸಿಕ್ಕಿನ ಹಿಂಭಾಗ ಆ 25 ಮಿ.ಮೀ. ಎದ್ದಿತೆನ್ನಿ, ಅದೇ ಬೆಳಕು 32 ಮೀಟರಿಗೆ ಮುಗಿಯಿತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತೀರಿ. ಎಮ್ಮೆ ಕಂಡು, ಬ್ರೇಕ್ ಹಿಡಿದು, ಬೈಕ್ ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೇ 40 ಮೀಟರ್ ಆಗಿರುತ್ತದೆ. ಅಂದರೆ ಬೆಳಕಿಗೆ ಎಮ್ಮೆ ಸಿಗುವ ಹೊತ್ತಿಗೆ ಬ್ರೇಕಿಗೆ ಜಾಗ ಉಳಿದಿರುವುದಿಲ್ಲ.

ಅಳೆಯಬೇಕಾದದ್ದು ಶಾಕಿನ ಉದ್ದವನ್ನಲ್ಲ. ಹಿಂದಿನ ಆಕ್ಸಲ್‌ನಿಂದ ನೆಟ್ಟಗೆ ಮೇಲೆ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪ್ ಹಿಡಿಯಿರಿ. ಲಿಂಕೇಜ್ ಇರುವ ಮೋನೋಶಾಕ್ ಬೈಕಿನಲ್ಲಿ ಶಾಕ್ 10 ಮಿ.ಮೀ. ಉದ್ದವಾದರೆ ಚಕ್ರದ ಬಳಿ ಅದರ ಎರಡು ಪಟ್ಟಿಗೂ ಹೆಚ್ಚು ವ್ಯತ್ಯಾಸ ಬರುವುದುಂಟು. ಮುಂದೆ ಹಿಂದೆ ಎರಡೂ ಕಡೆ ಸಮನಾಗಿ ಎತ್ತಿಸಿದ್ದರೆ ಕೋನ ಬದಲಾಗಿಲ್ಲ, ಸ್ಕ್ರೂ ಮುಟ್ಟುವ ಅಗತ್ಯ ಬಹುಶಃ ಬೀಳುವುದಿಲ್ಲ.

3. ಬೈಕ್ ಇಳಿಸಿದವರಿಗೆ ಎರಡು ಪಟ್ಟು ಎಚ್ಚರ ಬೇಕು. ಕಾಲು ನೆಲಕ್ಕೆ ಎಟುಕಲಿ ಎಂದು ಹಿಂಭಾಗವನ್ನಷ್ಟೇ ತಗ್ಗಿಸಿದರೆ ಲೆಕ್ಕ ತಿರುಗುಮುರುಗು. ಅದೇ 25 ಮಿ.ಮೀ. ಇಳಿದರೆ 50 ಮೀಟರ್ ದೂರದಲ್ಲಿ ಬೆಳಕಿನ ಮೇಲಂಚು ಸುಮಾರು 1.3 ಮೀಟರ್ ಎತ್ತರದಲ್ಲಿರುತ್ತದೆ. ಎದುರು ಬರುವ ಕಾರಿನವರ ಕಣ್ಣು ಅದಕ್ಕಿಂತ ಕೆಳಗೇ ಇರುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಕಣ್ಣು ಕುಕ್ಕುತ್ತದೆಯೇ ಎಂದು ನೋಡುವುದು 8 ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿ. ಆ ಅಳತೆಯಲ್ಲಿ ಈ ಬೈಕ್ ಆರಾಮಾಗಿ ಪಾಸಾಗುತ್ತದೆ, ರಸ್ತೆಯಲ್ಲಿ ಮಾತ್ರ ಎದುರಿನವರು ಬೈಯುತ್ತಾರೆ. ಬೈಯುವವರ ಮಾತೇ ಇಲ್ಲಿ ಸರಿ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರಗಳಿಗೆ ಲೈಟ್ ಆರಿಸುವ ಸ್ವಿಚ್ಚೂ ಇಲ್ಲ. ನಿಮ್ಮ ತಪ್ಪು ಕೋನವನ್ನು ಊರಿಡೀ ಹಗಲೂ ರಾತ್ರಿ ನೋಡಬೇಕು.

4. ಮೊದಲು ಸ್ಯಾಗ್, ಆಮೇಲೆ ಲೈಟ್. ನೀವು ಕೂತಾಗ ಸಸ್ಪೆನ್ಷನ್ ತನ್ನ ಒಟ್ಟು ಓಡಾಟದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಸಿಯಬೇಕು; ಈ ಕುಸಿತವೇ ಸ್ಯಾಗ್. 130 ಮಿ.ಮೀ. ಓಡಾಟದ ಫೋರ್ಕ್ ಆದರೆ 32ರಿಂದ 43 ಮಿ.ಮೀ. ಹೆಚ್ಚುಕಡಿಮೆ ಇದ್ದರೆ ಸ್ಪ್ರಿಂಗಿನ ಬಿಗಿ ಹೊಂದಿಸುವ ಪ್ರಿಲೋಡ್ ತಿರುಗಿಸಿ ಸರಿಪಡಿಸಿ. ಫೋರ್ಕ್ ಕೊಳವೆಗಳನ್ನು ಕ್ಲಾಂಪಿನಲ್ಲಿ ಮೇಲೆ ಕೆಳಗೆ ಸರಿಸುವುದಿದ್ದರೆ ಅದೂ ಈಗಲೇ ಆಗಲಿ, 10 ಮಿ.ಮೀ. ಸರಿಸಿದರೂ 10 ಮೀಟರಿನಲ್ಲಿ ಬೆಳಕು ಆರೇಳು ಸೆಂ.ಮೀ. ಅಲುಗುತ್ತದೆ. ಟೈರಿನ ಗಾಳಿ ನೋಡಿಕೊಳ್ಳಿ. ಇಷ್ಟೆಲ್ಲ ಕೂತ ಮೇಲೆ ಲೈಟಿನ ಸರದಿ.

5. ರಾತ್ರಿ ಹೊರುವ ಭಾರದಲ್ಲೇ ಹೊಂದಿಸಿ. ಡಬಲ್ ಸ್ಟ್ಯಾಂಡ್ ಹಾಕಿ ಲೈಟ್ ಸೆಟ್ ಮಾಡುವ ಗ್ಯಾರೇಜುಗಳಿವೆ. ನೋಡಲು ನೀಟಾಗಿರುತ್ತದೆ, ಕೆಲಸಕ್ಕೆ ಬಾರದು. ಹಿಂದಿನ ಚಕ್ರ ಗಾಳಿಯಲ್ಲಿದ್ದಾಗಿನ ಕೋನ ಬೇರೆ, ನೀವು ಹತ್ತಿ ಕೂತಾಗಿನ ಕೋನ ಬೇರೆ. ನೀವು ಕೂತಿರಿ, ಇನ್ನೊಬ್ಬರು ಬೈಕ್ ಹಿಡಿದಿರಲಿ, ಮೂರನೆಯವರ ಕೈಯಲ್ಲಿ ಸ್ಕ್ರೂಡ್ರೈವರ್ ಇರಲಿ. ದಿನಾ ರಾತ್ರಿ ಹೆಂಡತಿಯನ್ನು ಡ್ಯೂಟಿಯಿಂದ ಕರೆತರುವವರು ಅವರನ್ನೂ ಕೂರಿಸಿಕೊಂಡೇ ಹೊಂದಿಸಲಿ. ಅಪರೂಪಕ್ಕೆ ಮಾತ್ರ ಹಿಂದೆ ಜನ ಕೂರುವುದಾದರೆ ಒಬ್ಬರ ಭಾರಕ್ಕೆ ಸೆಟ್ ಮಾಡಿ, ಇಬ್ಬರಾದ ದಿನ ಹಿಂದಿನ ಪ್ರಿಲೋಡ್ ಒಂದೆರಡು ಹಲ್ಲು ಏರಿಸಿಕೊಳ್ಳಿ.

6. ನೆಲದ ಓರೆಗೆ ಹೆದರಬೇಡಿ, ಓರೆ ಮುರಿಯುವ ಜಾಗಕ್ಕೆ ಹೆದರಿ. ಮಲೆನಾಡಿನ ಕಾಫಿ ಕಣ ನೋಡಲು ಮಟ್ಟಸ, ಆದರೆ ಮಳೆನೀರು ಹರಿದುಹೋಗಲೆಂದು ಅದಕ್ಕೆ ಸಣ್ಣ ಓರೆ ಕೊಟ್ಟಿರುತ್ತಾರೆ. ಬೈಕ್ ನಿಂತ ಜಾಗದಿಂದ ಗೋಡೆಯ ಬುಡದವರೆಗೂ ಅದೇ ಓರೆ ಇದ್ದರೆ ಲೆಕ್ಕ ಕೆಡುವುದಿಲ್ಲ, ಯಾಕೆಂದರೆ ಎರಡೂ ಕಡೆ ನೀವು ಎತ್ತರ ಅಳೆಯುವುದು ಅದೇ ನೆಲದಿಂದ. ಗೋಡೆ ಪಕ್ಕ ಚರಂಡಿಗೆಂದು ನೆಲ ಬೇರೆ ಕಡೆ ಇಳಿದಿದ್ದರೆ ಕೆಡುತ್ತದೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಒಳ್ಳೆಯ ಜಾಗವೇ, ಆದರೆ ಹೊಸ ಬೈಕುಗಳಲ್ಲಿ ಲೈಟ್ ಉರಿಯಲು ಎಂಜಿನ್ ಓಡುತ್ತಿರಬೇಕು. ಗಾಳಿಯಾಡದ ಕಡೆ ಹೊಗೆ ತುಂಬಿಕೊಳ್ಳುತ್ತದೆ.

7. ಗೋಡೆಯ ಅಳತೆ ಹೀಗೆ. ನೀವು ಕೂತಿರುವಾಗ ನೆಲದಿಂದ ಲೈಟಿನ ನಡುಮಧ್ಯಕ್ಕೆ ಎಷ್ಟು ಎತ್ತರ ಎಂದು ಅಳೆದುಕೊಳ್ಳಿ, ಉದಾಹರಣೆಗೆ 92 ಸೆಂ.ಮೀ. ಬೈಕನ್ನು ಒಂದೆರಡು ಸಲ ಒತ್ತಿ ಬಿಟ್ಟು ತಾನಾಗಿ ಕೂರಲು ಬಿಡಿ. ಲೈಟಿನಿಂದ ಗೋಡೆಗೆ 5 ಮೀಟರ್ ಇರಲಿ. ಗೋಡೆಯ ಮೇಲೆ 92ಕ್ಕೆ ಒಂದು ಗೆರೆ, 87ಕ್ಕೆ ಇನ್ನೊಂದು. ಡಿಮ್ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಬರಬೇಕು. ನಿಮ್ಮ ಬೈಕಿನ ಪುಸ್ತಕದಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಹ್ಯಾಂಡಲ್ ನೇರ ಇರಲಿ. ಬೆಳಕಿನ ನಡು ಎಡಕ್ಕೋ ಬಲಕ್ಕೋ ಸರಿದಿದೆಯೇ ಎಂದೂ ಇದೇ ಹೊತ್ತಿನಲ್ಲಿ ನೋಡಿಬಿಡಿ.

8. ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ಯಾವ ಕಡೆ ತಿರುಗಿಸಿದರೆ ಮೇಲೇರುತ್ತದೆ ಎಂಬುದು ಬೈಕಿನಿಂದ ಬೈಕಿಗೆ ಬೇರೆ. ಕೆಲವದರಲ್ಲಿ ಸ್ಕ್ರೂ ಹೆಡ್‌ಲೈಟ್ ಡೂಮಿನ ಕೆಳಗಿದೆ, ಕೆಲವದರಲ್ಲಿ ಹಿಂದೆ. ಇನ್ನು ಕೆಲವದರಲ್ಲಿ ಪಕ್ಕದ ಎರಡು ಬೋಲ್ಟ್ ಸಡಿಲಿಸಿ ಇಡೀ ಡೂಮನ್ನೇ ಕೈಯಲ್ಲಿ ಬಗ್ಗಿಸಬೇಕು. ಈ ಕೊನೆಯ ಬಗೆಯಲ್ಲಿ ಬೋಲ್ಟ್ ಬಿಗಿಯುವಾಗಲೇ ಡೂಮ್ ಒಂದಿಷ್ಟು ಜಾರುತ್ತದೆ. ಬಿಗಿದ ಮೇಲೆ ಇನ್ನೊಮ್ಮೆ ಗೋಡೆ ನೋಡಿ. ಒಂದೇ ಬಲ್ಬಿನಲ್ಲಿ ಡಿಮ್ಮೂ ಬ್ರೈಟೂ ಇದ್ದರೆ ಎರಡೂ ಒಟ್ಟಿಗೇ ಸರಿಯುತ್ತವೆ.

9. ಕೋನ ಸರಿಯಾಗುವ ತನಕ ಬೇರೆ ಬಲ್ಬ್ ಹುಡುಕಿಕೊಂಡು ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳಿಗೆ ಹೋಗಬೇಡಿ. ಬೆಳಕು ಸಾಲದೆಂದು ಹ್ಯಾಲೊಜೆನ್ ಡೂಮಿಗೆ ಎಲ್‌ಇಡಿ ಬಲ್ಬ್ ತುರುಕಿದರೆ ಹತ್ತಿರದ ನೆಲ ಬೆಳ್ಳಗಾಗುತ್ತದೆ, ದೂರದ ಕತ್ತಲೆ ಇನ್ನೂ ಗಾಢವಾಗುತ್ತದೆ. ಆ ಡೂಮಿನ ಕನ್ನಡಿ ತಂತಿ ಉರಿಯುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಬೇರೆ ಜಾಗದಿಂದ ಬಂದ ಬೆಳಕನ್ನು ಎಲ್ಲೆಲ್ಲೋ ಚೆಲ್ಲುತ್ತದೆ.

10. ಮಟ್ಟಸ ರಸ್ತೆಯಲ್ಲಿ ಪರೀಕ್ಷಿಸಿ. ಆಗುಂಬೆಯ 14 ತಿರುವುಗಳಲ್ಲಿ ಯಾವ ಲೈಟೂ ಸರಿ ಅನಿಸುವುದಿಲ್ಲ. ಚಳ್ಳಕೆರೆ ಕಡೆಯಂಥ ನೇರ ರಸ್ತೆ ಸಿಕ್ಕರೆ ಅನುಕೂಲ. ಡಿಮ್‌ನಲ್ಲಿ ಓಡಿಸುವಾಗ ಎದುರಿನವರು ಪದೇ ಪದೇ ಬ್ರೈಟ್ ಹೊಡೆದು ತೋರಿಸಿದರೆ ಕಾಲು ಸುತ್ತು ಇಳಿಸಿ. ಹೊಸ ಸ್ಪ್ರಿಂಗು ಕೆಲವು ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಸ್ವಲ್ಪ ಕೂರುತ್ತದೆ, ಆದ್ದರಿಂದ ಮುಂದಿನ ಚೈನ್ ಲೂಬ್ ಹೊತ್ತಿಗೆ ಇನ್ನೊಮ್ಮೆ ಗೋಡೆಯೆದುರು ನಿಲ್ಲಿಸಿ. ಆಗಲೂ ಸರಿಯಿದ್ದರೆ ಸ್ಕ್ರೂವಿನ ತಲೆಗೆ ಒಂದು ಚುಕ್ಕೆ ನೇಲ್ ಪಾಲಿಶ್ ಹಚ್ಚಿ. ಸರ್ವಿಸಿಗೆ ಬಿಟ್ಟಾಗ ಯಾರಾದರೂ ತಿರುಗಿಸಿದ್ದರೆ ಗೊತ್ತಾಗುತ್ತದೆ.